ಯಾವ ನೋವಿಗೆ ಯಾವ ಮಾತ್ರೆ

ಮೊದಲು ಕಿವಿನೋವು ಎಂದುಕೊಂಡೆ. ಬಲಗಿವಿಗೆ ಹತ್ತಿ ಇಟ್ಟುಕೊಂಡೇ ಕಂಬ ಹತ್ತುತ್ತಿದ್ದೆ. ನಾನು ಲೈನ್‌ಮನ್. ಎಚ್.ಡಿ. ಕೋಟೆ ಸುತ್ತಿನ ಹಳ್ಳಿಗಳಲ್ಲಿ ಕರೆಂಟು ಹೋದರೆ ಜನ ಮೊದಲು ಬೈಯುವುದು ನನ್ನನ್ನೇ. ಆಮೇಲೆ ಬಾಯಿ ಅರ್ಧ ಮಾತ್ರ ತೆರೆಯುವಂತಾಯಿತು. ಹುಣಸೂರಿನ ಡೆಂಟಿಸ್ಟ್ ಎಕ್ಸ್‌ರೇ ನೋಡಿ, ಬುದ್ಧಿ ಹಲ್ಲು ಅಡ್ಡ ಮಲಗಿದೆ, ಒಸಡು ಕೊಯ್ದು ತೆಗೆಯಬೇಕು ಎಂದರು.

ನಲವತ್ತು ದಾಟಿದ ಮೇಲೆ ಬಂದ ಬುದ್ಧಿ, ಅದೂ ಅಡ್ಡಡ್ಡ.

ಇದನ್ನು ಹೇಳಿ ನಗಿಸಲು ಪಕ್ಕದಲ್ಲಿ ಯಾರೂ ಇರಲಿಲ್ಲ. ಜೊತೆಗೆ ಯಾರು ಬಂದಿದ್ದಾರೆ ಎಂದು ನರ್ಸ್ ಕೇಳಿದಾಗ, ಹೊರಗಿದ್ದಾರೆ ಎಂದು ಸುಳ್ಳು ಹೇಳಿದೆ. ಹೆಂಡತಿ ಸವಿತಾ ತೀರಿಕೊಂಡು ವರ್ಷದ ಮೇಲಾಯಿತು. ಮಕ್ಕಳಿಲ್ಲ. ಹಲ್ಲು ತೆಗೆಸಿಕೊಂಡು ಕೋಟೆ ಪಕ್ಕದ ಹ್ಯಾಂಡ್‌ಪೋಸ್ಟಿನ ಬಾಡಿಗೆ ಮನೆಗೆ ಬಸ್ಸಿನಲ್ಲಿ ಒಬ್ಬನೇ ಬಂದೆ, ರಕ್ತ ನಿಲ್ಲಲು ಇಟ್ಟ ಗಾಜ್ ಬಟ್ಟೆ ಕಚ್ಚಿಕೊಂಡು. ಆ ದಿನ ಹೆಚ್ಚು ಮಾತಾಡಬೇಡಿ ಎಂದಿದ್ದರು. ಅದೊಂದು ಪಥ್ಯ ನನಗೆ ಕಷ್ಟವೇ ಆಗಲಿಲ್ಲ.

ಎರಡು ಬಗೆಯ ಮಾತ್ರೆ ಕೊಟ್ಟಿದ್ದರು. ಒಂದು, ಐಬುಪ್ರೊಫೆನ್ ಮತ್ತು ಪ್ಯಾರಸಿಟಮಾಲ್ ಸೇರಿದ್ದು. ಊತಕ್ಕೂ ನೋವಿಗೂ ಇದೇ ಮುಖ್ಯ, ಏನಾದರೂ ತಿಂದ ಮೇಲೆ ತಗೊಳ್ಳಿ ಎಂದರು. ಇನ್ನೊಂದು ಟ್ರಮಡಾಲ್, ಕೆಲವೇ ಮಾತ್ರೆ. ತೀರಾ ತಡೆಯಲಾಗದಿದ್ದರೆ ಮಾತ್ರ. ಮಂಪರು ಬರುತ್ತದೆ, ಗಾಡಿ ಓಡಿಸಬೇಡಿ, ಕಂಬದ ಹತ್ತಿರವೂ ಹೋಗಬೇಡಿ ಎಂದು ಎರಡು ಸಲ ಹೇಳಿದರು.

ಮರಗಟ್ಟಿದ್ದು ಬಿಟ್ಟ ಮೇಲೆ ನೋವು ಶುರುವಾಯಿತು. ಹಲ್ಲು ಕಚ್ಚಿ ಸಹಿಸು ಎನ್ನುತ್ತಾರೆ. ಹಲ್ಲಿನದೇ ನೋವಾದವನು ಏನನ್ನು ಕಚ್ಚಬೇಕು? ಗಂಜಿ ಆರಿಸಿ ಕುಡಿದು ಮೊದಲನೆಯ ಮಾತ್ರೆ ನುಂಗಿದೆ. ಸ್ವಲ್ಪ ಹೊತ್ತಿಗೆ ನೋವು ಹಿಂದೆ ಸರಿಯಿತು. ಪೂರ್ತಿ ಹೋಗಲಿಲ್ಲ. ಬಾಗಿಲಾಚೆ ಕೂತ ಸಾಲ ಕೊಟ್ಟವನ ಹಾಗೆ ಆಗಾಗ ಕೆಮ್ಮುತ್ತಿತ್ತು. ಆದರೆ ತಲೆ ನೆಟ್ಟಗಿತ್ತು. ಪಾತ್ರೆ ತೊಳೆದೆ, ಬಟ್ಟೆ ಮಡಚಿದೆ. ಆಮೇಲೆ ಮಾಡಲು ಏನೂ ಉಳಿಯಲಿಲ್ಲ.

ಮಾರನೆಯ ದಿನ ದವಡೆ ಬಾತುಕೊಂಡು ಕಣ್ಣವರೆಗೆ ಸಿಡಿಯತೊಡಗಿತು. ಟ್ರಮಡಾಲ್ ನುಂಗಿದೆ. ಹೊಟ್ಟೆ ತೊಳೆಸಿತು, ನಾಲಿಗೆ ಒಣಗಿತು. ಆಮೇಲೆ ಮೈಯೆಲ್ಲ ಬೆಚ್ಚಗಾಯಿತು. ನೋವು ಅಲ್ಲೇ ಇತ್ತು, ಆದರೆ ಅದು ಬೇರೆ ಯಾರದೋ ಅನ್ನಿಸಿತು. ಅದರ ಜೊತೆಗೇ ಸವಿತಾ ಮಲಗುತ್ತಿದ್ದ ಗೋಡೆ ಬದಿಯ ಜಾಗ, ಒಂದೇ ಲೋಟ ಬೋರಲು ಹಾಕಿದ ಅಡುಗೆಮನೆ, ಇವೂ ಬೇರೆ ಯಾರದೋ ಆದವು. ಅವಳು ಹೋದ ಮೇಲೆ ಮೊದಲ ಸಲ ಆ ಬದಿಗೆ ತಿರುಗಿ ಮಲಗಿದೆ.

ಊತ ಇಳಿಯಿತು. ಮೊದಲನೆಯ ಮಾತ್ರೆಯೇ ಸಾಕಾಗುತ್ತಿತ್ತು, ಒಂದು ದಿನ ಅದೂ ಬೇಡವಾಯಿತು. ಸಂಜೆ ಬೀದಿದೀಪ ಹತ್ತಿದಾಗ ಮಂಚದ ಮೇಲೆ ಕೂತು, ನೋವಿದೆಯೇ ಎಂದು ನಾಲಿಗೆಯಿಂದ ಹುಡುಕಿದೆ. ಇರಲಿಲ್ಲ.

ಆದರೂ ಟ್ರಮಡಾಲ್ ನುಂಗಿದೆ.

ಮರುದಿನ ಸಂಜೆಯವರೆಗೂ ಕಾಯಲಿಲ್ಲ. ಮಧ್ಯಾಹ್ನವೇ ನುಂಗಿದೆ. ಆಗಲೇ ಮಹದೇವ ಬೈಕ್ ತಂದು ನಿಲ್ಲಿಸಿದ. ಅವನೂ ಲೈನ್‌ಮನ್, ನನ್ನ ಜೊತೆಯವನು. ಊರಾಚೆ ಮರದ ಕೊಂಬೆ ಬಿದ್ದು ತಂತಿ ಹರಿದಿದೆ, ಜನ ಸಾಲದು, ಕೆಳಗೆ ನಿಂತು ಸಾಮಾನು ಕೊಟ್ಟರೆ ಸಾಕು ಎಂದ. ರಜೆಯಲ್ಲಿದ್ದರೂ ಹೊರಟೆ. ಯಾರೋ ಕರೆದರಲ್ಲ ಎನ್ನುವುದೇ ಸಂತೋಷವಾಗಿತ್ತು. ಲೈನ್ ಆಫ್ ಮಾಡಿಸಿ ಅವನು ಹಗ್ಗ ಬಿಚ್ಚುವಷ್ಟರಲ್ಲಿ ನಾನು ಏಣಿಯ ಮೇಲೆ ಕಾಲಿಟ್ಟಿದ್ದೆ. ಇಪ್ಪತ್ತು ವರ್ಷದ ಅಭ್ಯಾಸ. ಮೂರನೆಯ ಮೆಟ್ಟಿಲಲ್ಲಿ ಕಂಬವೇ ವಾಲಿದಂತಾಯಿತು. ಮಹದೇವ ಸೊಂಟ ಹಿಡಿದು ಕೆಳಗಿಳಿಸಿದ.

"ಕಣ್ಯಾಕ್ಲಾ ಅಂಗವೆ?"

"ನೋವಿನ ಮಾತ್ರೆ ತಗಂಡಿದ್ದೆ."

"ಇನ್ನೂವೆ ನೋಯ್ತದಾ?"

"ಇಲ್ಲ."

"ಮತ್ಯಾಕ್ಲಾ ನುಂಗ್ದೆ?"

ಅವನು ಬೈಯುತ್ತಿರಲಿಲ್ಲ. ನಿಜವಾಗಿ ಕೇಳುತ್ತಿದ್ದ. ಸವಿತಾ ಹೋದ ಮೇಲೆ ಹಾಗೆ ಎದುರು ನಿಂತು ಯಾರೂ ಏನನ್ನೂ ಕೇಳಿರಲಿಲ್ಲ. ಊಟ ಆಯ್ತಾ ಎಂದು ಎಲ್ಲರೂ ಕೇಳುತ್ತಿದ್ದರು, ಆಯ್ತು ಎಂದು ಮುಂದೆ ಹೋಗುತ್ತಿದ್ದೆ.

"ಮನೇಲಿ ಇರಕಾಯ್ತಿಲ್ಲ ಕಣ್ಲಾ," ಅಂದೆ.

ಮಹದೇವ ನನ್ನನ್ನು ಮರದ ಕೆಳಗೆ ಕೂರಿಸಿ, ಇನ್ನೊಬ್ಬನನ್ನು ಕರೆಸಿ, ತಾನೇ ಹತ್ತಿದ. ಕೆಲಸ ಮುಗಿದ ಮೇಲೆ ಬೈಕನ್ನು ಸೀದಾ ತನ್ನ ಮನೆಗೆ ತಿರುಗಿಸಿದ. ಮುದ್ದೆ ಆರುವವರೆಗೆ ಅವನ ಹೆಂಡತಿ ತಟ್ಟೆ ಹಿಡಿದುಕೊಂಡೇ ಇದ್ದಳು. ಅಗಿಯೋ ಹಂಗಿಲ್ಲ, ನುಂಗೋದು ತಾನೇ ಅಣ್ಣ ಎಂದು ಬಡಿಸಿದಳು. ನನ್ನ ಕಣ್ಣಲ್ಲಿ ನೀರು ಬಂತು. ಗಾಯಕ್ಕೆ ಖಾರ ತಗುಲಿತೇನೋ ಎಂದು ಗಾಬರಿಯಾಗಿ ಮೊಸರು ತಂದಳು. ನಾನು ಹೌದೆಂದೆ. ಮಹದೇವ ತಲೆ ತಗ್ಗಿಸಿ ಉಣ್ಣುತ್ತಿದ್ದ.

ದಿನವೂ ಬಾ ಎನ್ನುತ್ತಾನೆ. ದಿನವೂ ಹೋಗಲು ಸಂಕೋಚ. ಆದರೆ ಹೋಗದ ದಿನ ಅವನೇ ಫೋನ್ ಮಾಡುತ್ತಾನೆ, ಏನೂ ವಿಷಯವಿಲ್ಲದೆ ಎಮ್ಮೆಯ ಸುದ್ದಿ, ಸೊಸೈಟಿಯ ಸುದ್ದಿ ಹೇಳುತ್ತಾನೆ. ಸಂಜೆಗಳು ಸುಲಭವಾಗಿಲ್ಲ. ಕಳೆಯುತ್ತವೆ, ಅಷ್ಟೇ. ಅಷ್ಟಕ್ಕೇ ಅವನಿಗೆ ಋಣಿ.

ಸ್ಟಿಚ್ ಬಿಚ್ಚಿಸಲು ಹುಣಸೂರಿಗೆ ಹೋದಾಗ ಉಳಿದ ಟ್ರಮಡಾಲ್ ಅನ್ನು ಡಾಕ್ಟರ ಮೇಜಿನ ಮೇಲಿಟ್ಟೆ. ಅವರು ಬಾಯೊಳಗೆ ಟಾರ್ಚ್ ಬಿಟ್ಟು, ಗಾಯ ಚೆನ್ನಾಗಿ ಮಾಯುತ್ತಿದೆ, ಎಲ್ಲಾದರೂ ನೋವಿದೆಯೇ ಎಂದು ಕೇಳಿದರು.

"ನೋವದೆ ಸಾರ್," ಅಂದೆ. "ಅದುಕ್ಕೇ ಇದು ಬ್ಯಾಡ."