ಮಂತ್ರಿಗಳ ಎದೆನೋವು, ಫಿಲಿಪ್ ಕಣ್ಣು

ಹೋದ ತಿಂಗಳು ನಮ್ಮ ಸಿಂಗಸಂದ್ರದ ಮನೆ ಪ್ರಾರ್ಥನೇಲಿ ಹದಿನೈದು ಜನ ಮೊಣಕಾಲೂರಿ ಕೂತು, ಒಬ್ಬ ಮಂತ್ರಿಗಳ ಎದೆನೋವು ವಾಸಿ ಮಾಡಪ್ಪಾ ಅಂತ ದೇವರನ್ನ ಬೇಡ್ಕೊಂಡ್ವಿ. ಅದೇ ಹೊತ್ತಿಗೆ ಆ ಮಹಾನುಭಾವರು ಯಾವುದೋ ಮದುವೇಲಿ ಹೋಳಿಗೆ ಊಟ ಹೊಡೀತಿದ್ರಂತೆ!

ತಪ್ಪು ದೇವರದ್ದಲ್ಲ ಕಣ್ರೀ, ನನ್ನದು.

ಪ್ರತಿ ಶುಕ್ರವಾರ ಸಂಜೆ ಯಾರಾದ್ರೂ ಒಬ್ಬರ ಮನೇಲಿ ಸೇರ್ತೀವಿ. ಹಾಡು, ಬೈಬಲ್ ವಾಕ್ಯ, ಆಮೇಲೆ ಪ್ರಾರ್ಥನೆ ವಿಷಯಗಳ ಪಟ್ಟಿ. ಆ ಪಟ್ಟಿ ಮಾಡೋ ಕೆಲಸ ಪಾಸ್ಟರ್ ನಂಗೆ ವಹಿಸಿದ್ರು. (ಪೇಪರಿಗೆ ಬರೀತಾನೆ, ನಾಲ್ಕು ವಿಷಯ ತಿಳ್ಕೊಂಡಿರ್ತಾನೆ ಅನ್ನೋ ನಂಬಿಕೆ. ಪಾಪ.)

ನಾಲ್ಕೇನು, ನನ್ನ ಹತ್ರ ನಲವತ್ತಿದ್ವು. ಮನೇಲಿ ಎರಡು ನ್ಯೂಸ್ ಚಾನೆಲ್ ಅದಲು ಬದಲು ಓಡ್ತಾನೇ ಇರುತ್ತೆ. ಬಸ್ಸಲ್ಲಿ ಮೊಬೈಲು. ಮಂತ್ರಿಗಳ ಎದೆನೋವೂ ಅಲ್ಲೇ ಸಿಕ್ಕಿದ ಸುದ್ದಿ. ಸರ್ಕಾರ ಅಲ್ಲಾಡ್ತಿದೆ, ಪ್ರಾರ್ಥಿಸಿ. ಎಲ್ಲೋ ಭೂಕಂಪ, ಪ್ರಾರ್ಥಿಸಿ. ಕ್ರಿಕೆಟ್ ಕ್ಯಾಪ್ಟನ್ ಬೆರಳಿಗೆ ಏಟಾಗಿದೆ, ಅದಕ್ಕೂ. ಕೊನೆಗೆ, ನಮಗೆಲ್ಲ ಜ್ಞಾನ ಕೊಡು ಕರ್ತನೇ, ಆಮೆನ್. ಅಷ್ಟೊತ್ತಿಗೆ ಚಿತ್ರಾನ್ನ ತಣ್ಣಗಾಗಿರ್ತಿತ್ತು.

ಮುಂದಿನ ಶುಕ್ರವಾರ, ಮಂತ್ರಿಗಳು ಆರೋಗ್ಯವಾಗಿದ್ದಾರೆ, ದೇವರಿಗೆ ಸ್ತೋತ್ರ ಅಂತ ಹೇಳಿ ಪಾರಾಗೋಣ ಅಂತಿದ್ದೆ. (ಸುಳ್ಳಂತೂ ಅಲ್ಲವಲ್ಲ?) ಬಾಯಿ ತೆಗೆಯೋಷ್ಟರಲ್ಲಿ ಸುಗುಣ ಸಿಸ್ಟರ್ ಮೆಲ್ಲಗೆ ಕೇಳಿದ್ರು, "ಬ್ರದರ್, ಇವತ್ತಾದ್ರೂ ನಮ್ಮನೆಯವರ ಹೆಸರು ಸೇರಿಸ್ತೀರಾ?"

ಸುಗುಣ ನಮ್ಮ ಮೇಲಿನ ಮನೆಯವರು. ಗಂಡ ಫಿಲಿಪ್ ಬೊಮ್ಮಸಂದ್ರದ ಫ್ಯಾಕ್ಟರೀಲಿ ಮೆಷಿನ್ ಆಪರೇಟರ್. ಮೂರು ವಾರದ ಹಿಂದೆ ಆಯಮ್ಮ ಒಂದು ಚೀಟಿ ಕೊಟ್ಟಿದ್ದು ಆಗ ನೆನಪಾಯ್ತು. ಅರ್ಜೆಂಟ್ ವಿಷಯಗಳು ಮೊದಲು ಸಿಸ್ಟರ್ ಅಂದು ಜೇಬಿಗೆ ಹಾಕಿದ್ದೆ. ಆ ಶರ್ಟು ಎರಡು ಸಲ ಒಗೆತಕ್ಕೂ ಹೋಗಿ ಬಂದಿತ್ತು.

ವಿಷಯ ಇಷ್ಟು. ಕೆಲಸದಲ್ಲಿ ಏಟು ಬಿದ್ದು ಫಿಲಿಪ್‌ಗೆ ಬಲಗಣ್ಣಲ್ಲಿ ಪೊರೆ ಬಂದಿದೆ. ಎಡಗಣ್ಣು ಮೊದಲಿಂದ್ಲೂ ಮಂದ. ಇದೂ ಹೋದ್ರೆ ಮತ್ತೆ ಮೆಷಿನ್ ಮುಟ್ಟೋ ಹಾಗಿಲ್ಲ, ಕೆಲಸ ಹೋದ ಹಾಗೇ ಲೆಕ್ಕ.

"ಆಪರೇಷನ್ ಯಾವಾಗ ಸಿಸ್ಟರ್?"

"ನಿನ್ನೆ ಆಯ್ತು ಬ್ರದರ್. ನಾಳೆ ಬೆಳಿಗ್ಗೆ ಕಟ್ಟು ಬಿಚ್ತಾರೆ. ಆಮೇಲೇ ಗೊತ್ತಾಗೋದು."

ನಾಚಿಕೆಯಿಂದ ಕಿವಿ ಬಿಸಿಯಾಯ್ತು. ಪ್ರಪಂಚದ ಮೂಲೆಮೂಲೆ ಸುದ್ದಿ ಬೇಕು ನಂಗೆ. ಆದ್ರೆ ಮೇಲಿನ ಮನೆಯವರು ನಮ್ಮ ತಲೆ ಮೇಲೇ ಓಡಾಡೋದು ಕೇಳಿಸಬೇಕಂದ್ರೆ ಟೀವಿ ಮ್ಯೂಟ್ ಮಾಡಬೇಕು! ವಾರವಾರ ಜ್ಞಾನ ಕೊಡು ಅಂತಿದ್ನಲ್ಲ, ದೇವರು ಅದನ್ನ ಚೀಟೀಲಿ ಬರೆಸಿ ಕೈಗೇ ಕೊಟ್ಟಿದ್ದ. ನಾನು ನೀರಿಗೆ ಹಾಕಿ ಒಗೆಸಿದ್ದೆ. ಆವತ್ತು ಪಟ್ಟಿ ಮಡಚಿಟ್ಟೆ. ಫಿಲಿಪ್ ಒಬ್ಬನಿಗಾಗಿ ಎಲ್ಲರೂ ಪ್ರಾರ್ಥನೆ ಮಾಡಿದ್ವಿ. ಚಿತ್ರಾನ್ನ ಬಿಸಿಯಾಗೇ ಸಿಕ್ತು.

ಮಾರನೇ ದಿನ ಮಧ್ಯಾಹ್ನ ಅರ್ಧ ಡಜನ್ ಮೂಸಂಬಿ ಹಿಡ್ಕೊಂಡು ಮೇಲೆ ಹೋದೆ. ಕಟ್ಟು ಬಿಚ್ಚಿದ್ರು. ಸದ್ಯಕ್ಕೆ ಮಂಜುಮಂಜು, ದಿನ ಕಳೆದ ಹಾಗೆ ಸರಿಹೋಗುತ್ತೆ ಅಂದಿದ್ರಂತೆ ಡಾಕ್ಟ್ರು. ಫಿಲಿಪ್ ನನ್ನ ಗುರುತು ಹಿಡಿದು ನಕ್ಕ. ನಾನು ಕ್ಷಮೆ ಕೇಳೋಕೆ ತಡವರಿಸ್ತಿದ್ರೆ, ಕೈ ಹಿಡ್ಕೊಂಡು ಪಕ್ಕದಲ್ಲಿ ಕೂರಿಸ್ಕೊಂಡ.

"ಸುಗುಣ ಹೇಳಿದ್ಲು ಬ್ರದರ್. ಆಸ್ಪತ್ರೇಲಿ ಮಲಗಿದ್ದಾಗ ನಾನೂ ಪ್ರಾರ್ಥನೆ ಮಾಡ್ದೆ. ಆ ಮಿನಿಸ್ಟ್ರ ಎದೆನೋವು ಈಗ ಹೇಗಿದೆ?"