ವೆರ್ನಾ ಹಾಕಿಕೊಟ್ಟ ದಾರಿ

ವೆರ್ನಾ ಹಾಪಲಾ ಆಸ್ಟ್ರೇಲಿಯಾದ ನಮ್ಮ ಮೌಂಟ್ ಐಸಾದಲ್ಲಿ ಮೂವತ್ತೊಂದು ವರ್ಷದಿಂದ ಶಾಲೆಯ ಬಸ್ಸು ಓಡಿಸುತ್ತಾಳೆ. ನಾನು ಅದೇ ಶಾಲೆಯಲ್ಲಿ ಗಣಿತ ಕಲಿಸುವವಳು. ಗದಗಿನಿಂದ ಬಂದು ಇಪ್ಪತ್ಮೂರು ವರ್ಷವಾಯಿತು. ಈ ಊರಿನಲ್ಲಿ ನನಗೆ ತವರುಮನೆ ಅಂತ ಒಂದಿದ್ದರೆ ಅದು ಹಾಪಲಾದವರ ಮನೆಯೇ.

ವೆರ್ನಾಳ ಅಪ್ಪ ಅಮ್ಮ ಫಿನ್ಲೆಂಡಿನಿಂದ ಇಲ್ಲಿಯ ತಾಮ್ರದ ಗಣಿಗೆ ಬಂದವರು. ಅಪ್ಪ ತೀರಿಹೋಗಿ ಬಹಳ ಕಾಲವಾಯಿತು. ಅಮ್ಮನ ಹೆಸರು ಔನೆ. ಅವರ ಭಾಷೆಯಲ್ಲಿ ತಾಯಿಗೆ ‘ಐತಿ’ ಎನ್ನುತ್ತಾರೆ. ಮೊದಲ ಸಲ ಕೇಳಿದಾಗ ನಾನು ಕಿಸಕ್ಕನೆ ನಕ್ಕು, ನಮ್ಮ ಕಡೆ ಐತಿ ಅಂದರೆ ‘ಇದೆ’ ಅಂತ ಅರ್ಥ ಎಂದು ಹೇಳಿದೆ. ಮುದುಕಿ ಕಾಫಿ ಬಟ್ಟಲು ಕೆಳಗಿಟ್ಟು, “ಬರೋಬ್ಬರಿನೇ ಅದಲ್ಲ. ನಾ ಇದ್ದೀನಿ, ಸಾಕು” ಎಂದಳು. ಆವತ್ತಿನಿಂದ ನನಗೂ ಆಕೆ ಐತಿಯೇ. ಅವರ ಮನೆಯ ಮಾತೆಲ್ಲ ನನ್ನ ಕಿವಿಗೆ ನಮ್ಮ ಗದಗಿನ ಮಾತಿನ ಹಾಗೇ ಬೀಳುತ್ತದೆ; ಇಲ್ಲಿ ಹಾಗೇ ಬರೆದಿದ್ದೇನೆ.

ಎರಡು ವರ್ಷದ ಹಿಂದೆ, ಮೇ ತಿಂಗಳ ಒಂದು ಭಾನುವಾರ ಅವರ ಹಿತ್ತಲಿನಲ್ಲಿ ಕಾಫಿಗೆ ಕೂತಿದ್ದೆವು. ಏಲಕ್ಕಿ ಹಾಕಿ ಜಡೆಯಂತೆ ಹೆಣೆದ ಸಿಹಿ ಬ್ರೆಡ್ಡು ಮೇಜಿನ ಮೇಲಿತ್ತು. ವೆರ್ನಾಳ ತಂಗಿ ಇರ್ಯಾ ತನ್ನ ಇಬ್ಬರು ಮಕ್ಕಳ ಜೊತೆ ಬ್ರಿಸ್ಬೇನಿನಿಂದ ಬಂದಿದ್ದಳು. ಆಗಸ್ಟಿನಲ್ಲಿ ಐತಿಗೆ ತೊಂಬತ್ತು ತುಂಬುವುದಿತ್ತು. ಕ್ಲಬ್ಬಿನ ಹಾಲ್ ಹಿಡಿಯೋಣ, ನೂರು ಜನರನ್ನು ಕರೆಯೋಣ ಎಂದು ಇರ್ಯಾ ಶುರುಮಾಡಿದಳು.

“ಆ ಹಾಲ್ ಬ್ಯಾಡ,” ಎಂದಳು ಐತಿ. “ನಿಮ್ಮಪ್ಪನ್ನ ಕಳಿಸಿಕೊಟ್ಟದ್ದೂ ಅಲ್ಲೇ. ನನಗ ಟೌನ್ಸ್‌ವಿಲ್‌ದಾಗ ಸಮುದ್ರದ ದಂಡಿ ಮ್ಯಾಲೆ ಬಿಳೀ ಹೋಟೆಲ್ ಅದಲ್ಲ, ಅಲ್ಲಿ ಹೋಗಬೇಕು. ನೀಲಿ ಗೌನ್ ಹಾಕ್ಕೊಂಡು, ಸಿಗಡಿ ತಿಂದು, ಆ ಜೂಜಿನ ಮಷಿನ್ ಮುಂದ ಎತ್ತರದ ಸ್ಟೂಲ್ ಮ್ಯಾಲೆ ಕುಂತು, ಒಮ್ಮೆ ಹ್ಯಾಂಡಲ್ ಎಳೀಬೇಕು. ಎಲ್ಲಾರೂ ಬರಬೇಕು ಮತ್ತ.”

ಇಪ್ಪತ್ತಾರು ವರ್ಷ ಐತಿ ಗಣಿಯ ಒಂಟಿ ಗಂಡಸರಿಗೆಂದು ಇದ್ದ ಊಟದ ಮನೆಯಲ್ಲಿ ಅಡುಗೆ ಮಾಡಿದವಳು. ಪ್ರತಿ ಚಳಿಗಾಲ ಅವರೆಲ್ಲ ಕರಾವಳಿಗೆ ಹೊರಟಾಗ ದಾರಿಯ ಬುತ್ತಿ ಕಟ್ಟಿಕೊಟ್ಟವಳೂ ಅವಳೇ. ಅವರು ಬಿಸಿಲಿಗೆ ಕೆಂಪಾಗಿ ಮರಳಿ ಬಂದು ಆ ಹೋಟೆಲಿನ ಸುದ್ದಿ ಹೇಳುತ್ತಿದ್ದರೆ, ಇವಳು ಆಲೂಗಡ್ಡೆ ಸುಲಿಯುತ್ತ ಕೇಳುತ್ತಿದ್ದಳು. ಈಗ ಅವಳು ಬೇಡಿದ್ದು ಹೆಚ್ಚೇನಲ್ಲ. ಆದರೂ ಮೇಜಿನ ಸುತ್ತ ಮಾತು ನಿಂತುಹೋಯಿತು. ಕಾರಣ ರೇನೊ.

ರೇನೊ ಇಬ್ಬರು ಅಕ್ಕತಂಗಿಯರ ನಡುವಿನ ಮಗ. ಹದಿನೆಂಟು ವರ್ಷ ನೆಲದಡಿ ಬಂಡೆ ಕೊರೆದು ದುಡಿದದ್ದನ್ನು ಜೂಜಿನ ಮಷಿನ್ನುಗಳಿಗೆ ಉಣಿಸಿದವನು. ಮನೆ ಹೋಯಿತು, ಹೆಂಡತಿ ಹೋದಳು. ಅದಕ್ಕೂ ಒಂಬತ್ತು ವರ್ಷದ ಹಿಂದೆ ಒಂದು ಬೆಳಗ್ಗೆ ತಾನೇ ಹೋಗಿ, ತನ್ನನ್ನು ಜೂಜಿನ ಕೋಣೆಗಳ ಒಳಗೆ ಬಿಡಬೇಡಿ ಎಂದು ಬರೆದು ಸಹಿ ಹಾಕಿಕೊಟ್ಟುಬಂದ. ಆ ಬಿಳಿ ಹೋಟೆಲಿನ ಕೋಣೆಯೂ ಅದರಲ್ಲಿ ಸೇರಿತ್ತು. ಆಮೇಲೆ ಕರಾವಳಿಯ ದಾರಿಯಲ್ಲಿರುವ ಕ್ಲಾನ್‌ಕರಿಯಲ್ಲಿ ಒಂದು ಶೆಡ್ಡು ಹಿಡಿದು, ದನದ ಫಾರ್ಮುಗಳ ಗಾಳಿಯಂತ್ರ, ನೀರಿನ ಪಂಪು ರಿಪೇರಿ ಮಾಡಿಕೊಂಡು ಒಬ್ಬನೇ ಇದ್ದ. ಮಷಿನ್ ಮುಟ್ಟುವುದನ್ನು ಬಿಟ್ಟಿದ್ದಾನೆ ಅಂತ ಐತಿಗೆ ಗೊತ್ತಿತ್ತು. ಬರೆದುಕೊಟ್ಟ ಕಾಗದದ ಸಂಗತಿ ಅಕ್ಕತಂಗಿಯರಿಗೆ, ನನಗೆ ಮಾತ್ರ ಗೊತ್ತಿತ್ತು.

ಐತಿ ಒಳಗೆ ಹೋದ ಮೇಲೆ ಇರ್ಯಾ ದನಿ ತಗ್ಗಿಸಿದಳು. “ಸುಮ್ನ ರೇನೊನ್ನ ಬಿಟ್ಟು ಹೋಗೂಣು. ಕೇಕ್ ಕೊಯ್ಯೋ ಹೊತ್ತಿಗೆ ಫೋನ್ ಹಚ್ಚಿದ್ರಾತು.”

“ಎಲ್ಲಾರೂ ಅಂದಾಳ,” ಎಂದಳು ವೆರ್ನಾ.

“ಅಂದಾಳ, ಖರೆ. ಆ ಹೋಟೆಲ್‌ದಾಗ ಊಟಕ್ಕ ಹೋಗಬೇಕಂದ್ರೂ ಮಷಿನ್ ಕೋಣಿ ಬಾಗಲಾ ದಾಟೇ ಹೋಗಬೇಕಕ್ಕಾ. ಕುಡುಕನ್ನ ಸಾರಾಯಿ ಅಂಗಡಿಯೊಳಗ ಕರ್ಕೊಂಡು ಹೋಗಿ ಕೇಕ್ ತಿನ್ನು ಅಂದಂಗ ಆಗ್ತದ.”

“ನೋಡಿಲ್ಲದ ದಾರಿ ಬಗ್ಗೆ ನಾ ಮಾತಾಡಂಗಿಲ್ಲ,” ಎಂದು ವೆರ್ನಾ ಎದ್ದು ಬಟ್ಟಲುಗಳನ್ನು ಕೂಡಿಸತೊಡಗಿದಳು.

ವೆರ್ನಾ ಎಂಥವಳು ಅಂತ ಇಲ್ಲೇ ಹೇಳಿಬಿಡಬೇಕು. ಒಂದು ಮಳೆಗಾಲದಲ್ಲಿ ಊರ ನಡುವಿನ ನದಿ ಉಕ್ಕಿ ರಸ್ತೆ ಕಡಿದುಹೋಗಿತ್ತು. ಬಸ್ಸಿನಲ್ಲಿ ಹದಿನಾಲ್ಕು ಮಕ್ಕಳಿದ್ದವು. ಬೇರೆಯವರಾಗಿದ್ದರೆ ಶಾಲೆಗೇ ಹಿಂದಿರುಗಿ, ತಂದೆತಾಯಿ ಬಂದು ಕರೆದೊಯ್ಯಲಿ ಎನ್ನುತ್ತಿದ್ದರು. ಅವಳು ಗಣಿಯ ಹಿಂದಿನ ಕಲ್ಲುದಾರಿ ಹಿಡಿದು, ನಾಲ್ಕು ತಾಸು ಸುತ್ತಿ, ಒಂದೊಂದು ಮಗುವನ್ನೂ ಅದರದರ ಗೇಟಿಗೆ ಮುಟ್ಟಿಸಿದಳು. ಮರುದಿನ ಬಸ್ಸಿನ ಕೆಸರು ತೊಳೆಯುತ್ತ ನಿಂತಿದ್ದಳು, ಅಷ್ಟೆ.

ಮುಂದಿನ ಶನಿವಾರ ಅವಳು ಕ್ಲಾನ್‌ಕರಿಗೆ ಹೊರಟಾಗ ನಾನೂ ಜೊತೆಗೆ ಹೋದೆ. ರೇನೊ ಪಂಪಿನ ಹೊಟ್ಟೆ ಬಿಚ್ಚಿಟ್ಟುಕೊಂಡು ನೆಲದ ಮೇಲೆ ಕೂತಿದ್ದ.

“ನಾ ಬರಂಗಿಲ್ಲ,” ಎಂದ, ಪೂರ್ತಿ ಕೇಳುವ ಮೊದಲೇ. “ನೀವೆಲ್ಲಾ ಹೋಗಿ ಬರ್ರಿ. ನಾ ಇಲ್ಲಿಂದನ ಹ್ಯಾಪಿ ಬರ್ತಡೇ ಅಂತೀನಿ.”

“ಐತಿಗೆ ತೊಂಬತ್ತು ಒಮ್ಮೆ ಬರ್ತದ.”

“ಇರ್ಯಾನ ಮಕ್ಕಳಿಗೆ ಏನ್ ಹೇಳಲಿ? ಮಾಮಾ, ನೀ ಯಾಕ ಒಳಗ ಬರವೊಲ್ಲಿ ಅಂತ ಕೇಳ್ತಾವ.”

“ಕೇಳಿದ್ರ ಕೇಳ್ತಾವ. ಮಕ್ಕಳು ಬಾಯಿ ಇಟ್ಕೊಂಡು ಮತ್ತೇನ್ ಮಾಡ್ತಾವ? ನನ್ನ ಬಸ್ಸಿನ್ಯಾಗ ದಿನಾ ಕೇಳ್ತಾವ, ನಿನ್ನ ಮೂಗು ಯಾಕ ಹಂಗದ ಅಂತ.”

ರೇನೊ ನಗಲಿಲ್ಲ. ಕೈಯ ಗ್ರೀಸು ಒರೆಸಿಕೊಳ್ಳುತ್ತ, “ನನಗ ಕೋಣಿ ಅಂಜಿಕಿಲ್ಲ ಅಕ್ಕಾ,” ಎಂದ. “ಅದರ ಸಪ್ಪಳ ಅಂಜಿಕಿ. ಆ ಸಪ್ಪಳ ಕಿವಿಗೆ ಬಿತ್ತಂದ್ರ ಕಾಲು ನನ್ನ ಮಾತು ಕೇಳಂಗಿಲ್ಲ.”

ವೆರ್ನಾ ತಲೆಯಾಡಿಸಿದಳು. ಮರಳಿ ಬರುವಾಗ, ಮನೆ ಹತ್ತಿರ ಬಂದ ಮೇಲೆ, “ಜುಲೈ ರಜೆಯೊಳಗ ನಿನಗ ಕೆಲಸ ಏನರ ಅದನ ಟೀಚರ್?” ಎಂದು ಕೇಳಿದಳು.

ಜುಲೈಯಲ್ಲಿ ಒಂದು ದಿನ ನಸುಕಿನಲ್ಲೇ ನಾವಿಬ್ಬರೂ ಟೌನ್ಸ್‌ವಿಲ್ಲಿಗೆ ಹೊರಟೆವು, ಹತ್ತು ತಾಸಿನ ಹಾದಿ. ಒಣಹುಲ್ಲಿನ ಬಯಲು, ನಡುನಡುವೆ ನಾಲ್ಕು ಬೀದಿಯ ಊರುಗಳು, ಕೊನೆಗೆ ಸಮುದ್ರ. ಹೋಟೆಲು ತಲುಪಿದಾಗ ಮಧ್ಯಾಹ್ನ. ಬಂದ ಅತಿಥಿಗಳೆಲ್ಲ ಮುಂಬಾಗಿಲಿನಿಂದ ಒಳಗೆ ಹೋಗುತ್ತಿದ್ದರೆ ವೆರ್ನಾ ಕಂಪೌಂಡಿಗೆ ಒಂದು ಸುತ್ತು ಹಾಕಿದಳು. ಇರ್ಯಾ ಹೇಳಿದ್ದು ನಿಜವೇ. ಮುಂಬಾಗಿಲಿನಿಂದ ಎಲ್ಲಿಗೆ ಹೋಗಬೇಕಾದರೂ ಮಷಿನ್ ಕೋಣೆಯ ಅಗಲವಾದ ಕಮಾನನ್ನು ದಾಟಿಯೇ ಹೋಗಬೇಕು. ಹಿಂದೆ ಒಂದು ಸಣ್ಣ ಗೇಟಿತ್ತು, ಒಗೆಯುವ ಬಟ್ಟೆಯ ಗಾಡಿ ಬರುವುದು. ಅದರಿಂದ ತೋಟ, ತೋಟದಿಂದ ಈಜುಕೊಳ, ಕೊಳದ ಪಕ್ಕ ಸಮುದ್ರಕ್ಕೆ ಮುಖ ಮಾಡಿದ ಹುಲ್ಲು ಹಾಸು. ಹೊರಗಿನ ಮೆಟ್ಟಿಲು ಹತ್ತಿದರೆ ನೇರವಾಗಿ ತಂಗುವ ಕೋಣೆಗಳು.

ಆಮೇಲೆ ಅವಳು ಮಾಡಿದ್ದನ್ನು ನಾನು ಮರೆಯಲಾರೆ. ಹುಲ್ಲು ಹಾಸಿನ ಒಂದೊಂದು ಮೇಜಿಗೂ ಹೋಗಿ ಕುರ್ಚಿಯಲ್ಲಿ ಕೂತಳು, ಕಣ್ಣು ಮುಚ್ಚಿದಳು, ಕಿವಿಗೊಟ್ಟಳು. ಅರವತ್ತೆರಡರ ಹೆಂಗಸು, ಹೆಗಲಿಗೆ ಚೀಲ. ಸುತ್ತ ಈಜುಡುಪಿನ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೂರನೆಯ ಮೇಜಿನಲ್ಲಿ ಬಹಳ ಹೊತ್ತು ಕೂತು, “ಇಲ್ಲಿ ಬ್ಯಾಡ. ಬಾಗಲಾ ತಗದಾಗೊಮ್ಮೆ ಕೇಳಸ್ತದ” ಎಂದಳು. ಕಟ್ಟಕಡೆಯಲ್ಲಿ ದೊಡ್ಡದೊಂದು ಬಾದಾಮಿ ಮರ, ಅದರ ಕೆಳಗೆ ಮೇಜೇ ಇರಲಿಲ್ಲ. ಅಲ್ಲಿ ನಿಂತು ಕಣ್ಣು ಮುಚ್ಚಿದಳು. “ಇಲ್ಲಿ. ಸಮುದ್ರದ ತೆರೀದೊಂದ ಸಪ್ಪಳ.”

ಔತಣಗಳ ಉಸ್ತುವಾರಿ ವಸಿತಿ ಎಂಬ ಫಿಜಿ ಹೆಂಗಸಿನದು. ಮರದ ಕೆಳಗೆ ಮೇಜು ಹಾಕುವ ಪದ್ಧತಿ ಇಲ್ಲ, ಬಟ್ಟೆಗಾಡಿಯ ಗೇಟಿನಿಂದ ಅತಿಥಿಗಳನ್ನು ಬಿಡುವ ಪದ್ಧತಿಯಂತೂ ಇಲ್ಲವೇ ಇಲ್ಲ ಎಂದಳು. “ಯಾಕ ಹಿತ್ತಲ ಬಾಗಲಾ, ಮುಂದಿಂದು ಏನಾಗ್ಯಾದ?”

ವೆರ್ನಾ ಸುತ್ತಿ ಬಳಸಲಿಲ್ಲ. “ನನ್ನ ತಮ್ಮ ಆ ಕೋಣಿ ಬಿಟ್ಟು ಒಂಬತ್ತು ವರ್ಷ ಆತು. ಅವನ ಕಿವಿಗೆ ಅದರ ಸಪ್ಪಳ ಬೀಳಬಾರದು. ನಮ್ಮವ್ವಗ ಅವ ಮಗ್ಗಲಿಗೆ ಬೇಕು.”

ವಸಿತಿ ಪೆನ್ನು ಕೆಳಗಿಟ್ಟಳು.  “ನಮ್ಮಪ್ಪಗೂ ನಿಮ್ಮಂಥಾ ಅಕ್ಕ ಇದ್ದಿದ್ರ...” ಎಂದು ಶುರುಮಾಡಿ ಅಲ್ಲಿಗೇ ಬಿಟ್ಟು, “ಗೇಟಿನ ಕೀಲಿ ನನ್ನ ಹತ್ರನ ಇರ್ತದ. ಹನ್ನೊಂದಕ್ಕ ಬರ್ರಿ, ನಾನ ತಗೀತೀನಿ” ಎಂದಳು.

ಬರುತ್ತ ವೆರ್ನಾ ಮತ್ತೆ ಕ್ಲಾನ್‌ಕರಿಯಲ್ಲಿ ಇಳಿದಳು. ಒಂದು ಹಾಳೆಯ ಮೇಲೆ ಬಸ್ಸಿನ ದಾರಿಯ ಹಾಗೇ ಎಲ್ಲವನ್ನೂ ಬರೆದಿದ್ದಳು: ಗೇಟು, ತೋಟ, ಕೊಳ, ಮರ, ಮೆಟ್ಟಿಲು, ಕೋಣೆ. ರೇನೊ ಅದನ್ನು ಬೆಳಕಿಗೆ ಹಿಡಿದು ನೋಡಿದ.

“ನೀ ಎಲ್ಲಾ ನಡದು ನೋಡೀಯೇನು?”

“ಎರಡು ಸಲ.”

“ಆದರೂ ನಾ ಎದ್ದು ಆ ಕಡೆ ಹೊಂಟೆ ಅಂದ್ರ?”

“ಹೊಂಟ್ರ ಹೊಂಟಿ. ನಾ ಪೊಲೀಸ್ ಅಲ್ಲ, ಡ್ರೈವರ್. ಬಸ್ಸು ಬರ್ತಡೇ ಹಿಂದಿನ ಶುಕ್ರವಾರ ಬೆಳಗ್ಗೆ ಎಂಟಕ್ಕ ನಿನ್ನ ಶೆಡ್ಡಿನ ಮುಂದ ನಿಲ್ತದ. ಹತ್ತು ನಿಮಿಷ ಕಾಯ್ತೀನಿ.”

ಆ ಶುಕ್ರವಾರ ಕ್ಲಬ್ಬಿನ ಸಣ್ಣ ಬಸ್ಸು ಶೆಡ್ಡಿನ ಮುಂದೆ ನಿಂತಾಗ ಬಾಗಿಲು ಮುಚ್ಚಿತ್ತು. ಬಸ್ಸಿನಲ್ಲಿ ಹತ್ತೊಂಬತ್ತು ಜನ. ಇರ್ಯಾ ನನ್ನ ಕಡೆ ನೋಡಿದಳು, ನಾನು ಗಡಿಯಾರ ನೋಡಿದೆ. ಒಂಬತ್ತು ನಿಮಿಷವಾದ ಮೇಲೆ ರೇನೊ ಶೆಡ್ಡಿನ ಹಿಂದಿನಿಂದ ಬಂದ. ಕ್ಷೌರ ಮಾಡಿಕೊಂಡು, ಇಸ್ತ್ರಿಯ ಅಂಗಿ ಹಾಕಿಕೊಂಡಿದ್ದ. ಐತಿ ಪಕ್ಕದ ಸೀಟಿನ ಮೇಲಿದ್ದ ತನ್ನ ಚೀಲ ತೆಗೆದು, “ಬಾರೋ, ಎಷ್ಟೊತ್ತು ಸಿಂಗಾರ ಮಾಡ್ಕೋತಿ, ಮದುವಿ ನಂದೇನ್ ನಿಂದೇನ್?” ಎಂದಳು.

ಶನಿವಾರ ಹನ್ನೊಂದಕ್ಕೆ ವಸಿತಿ ಗೇಟು ತೆಗೆದಳು. ಬಾದಾಮಿ ಮರದ ಕೆಳಗೆ ಉದ್ದನೆಯ ಮೇಜು, ಬಿಳಿ ಬಟ್ಟೆ, ತಟ್ಟೆ ತುಂಬ ಸಿಗಡಿ. ನೀಲಿ ಗೌನಿನ ಐತಿ ನಡುವೆ ಕೂತು ಊಟದ ಮನೆಯ ಕಾಲದ ಕಥೆಗಳನ್ನೆಲ್ಲ ಹೇಳಿದಳು. ರೇನೊ ಅವಳಿಗೆ ಸಿಗಡಿ ಸುಲಿದು ಕೊಡುತ್ತಿದ್ದ. ಎಲ್ಲವೂ ವೆರ್ನಾ ಅಂದುಕೊಂಡ ಹಾಗೇ ನಡೆದಿತ್ತು.

ಕಾಫಿ ಬಂದ ಮೇಲೆ ಐತಿ ಎದ್ದು ನಿಂತಳು. “ಈಗ ಮಷಿನ್. ರೇನೊ, ಕೈ ಕೊಡು. ನೀನ ಕರ್ಕೊಂಡು ಹೋಗು. ಅದನ್ನ ಹ್ಯಾಂಗ ಆಡೋದು ನಿನಗ ಗೊತ್ತಿರ್ತದ.”

ವೆರ್ನಾ ಬರೆದ ದಾರಿಯ ಹಾಳೆಯಲ್ಲಿ ಇದೊಂದು ಇರಲಿಲ್ಲ. ಅವಳು ಏಳುವಷ್ಟರಲ್ಲಿ ರೇನೊನೇ ಎದ್ದಿದ್ದ. ಮಕ್ಕಳೂ ಸೇರಿ ಎಲ್ಲರೂ ಅವನನ್ನೇ ನೋಡುತ್ತಿದ್ದರು.

“ನಾ ಒಳಗ ಹೋಗಂಗಿಲ್ಲ ಐತಿ. ನನ್ನ ಬಿಡಬ್ಯಾಡ್ರಿ ಅಂತ ಬರದುಕೊಟ್ಟೀನಿ.”

“ಯಾರು ಬರಸಿದ್ರು?”

“ಯಾರೂ ಬರಸಿಲ್ಲ. ಆವತ್ತು ಅಕ್ಕ ಕಾರ್ ಓಡಿಸಿದ್ಲು. ಬರದದ್ದು ನಾನ.”

ಐತಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಸಿಗಡಿ ವಾಸನೆಯ ಕೈಯಿಂದಲೇ ಅವನ ಕೆನ್ನೆ ತಟ್ಟಿದಳು. “ಹಂಗಾರ ಇಲ್ಲೇ ಕುಂದ್ರು. ನನ್ನ ಕಾಫಿ ಮ್ಯಾಲೆ ನೊಣ ಕೂಡದಂಗ ನೋಡ್ಕೋ.” ಆಮೇಲೆ ನನ್ನ ಕೈ ಹಿಡಿದಳು.

ಇರ್ಯಾ ಮತ್ತು ನಾನು ಅವಳನ್ನು ಒಳಗೆ ಕರೆದೊಯ್ದೆವು. ಎತ್ತರದ ಸ್ಟೂಲು ಸಿಕ್ಕಿತು. ಐತಿ ಮಷಿನ್ನಿನ ಎರಡೂ ಪಕ್ಕ ತಡವಿ, “ಹ್ಯಾಂಡಲ್ ಎಲ್ಲೇ?” ಎಂದಳು. ಈಗ ಬಟನ್ ಒತ್ತುವುದು ಅಷ್ಟೇ ಎಂದು ಇರ್ಯಾ ತೋರಿಸಿದಳು. ಐತಿ ಒತ್ತಿದಳು. ಚಿತ್ರಗಳು ತಿರುಗಿ ನಿಂತವು. ಮತ್ತೊಮ್ಮೆ ಒತ್ತಿದಳು. ಪಕ್ಕದ ಸ್ಟೂಲಿನ ಹೆಂಗಸಿಗೆ, “ನನಗ ಇವತ್ತ ತೊಂಬತ್ತು ತುಂಬಿತು ನೋಡವಾ,” ಎಂದು ಹೇಳಿದಳು. ಆ ಹೆಂಗಸು ಕಣ್ಣು ಕದಲಿಸಲಿಲ್ಲ. “ಪಾಪ, ಕಿವಿ ಕೇಳಸಂಗಿಲ್ಲ ಕಾಣ್ತದ,” ಎಂದು ಐತಿ ಸ್ಟೂಲಿನಿಂದ ಇಳಿದಳು. ಹತ್ತು ನಿಮಿಷವೂ ಆಗಿರಲಿಲ್ಲ.

ಮರದ ಕೆಳಗೆ ರೇನೊ ಬಟ್ಟಲಿನ ಮೇಲೆ ತಟ್ಟೆ ಮುಚ್ಚಿ, ಅದರ ಮೇಲೆ ಕೈಯಿಟ್ಟು ಕೂತಿದ್ದ. ವೆರ್ನಾ ಎದುರಿಗಿದ್ದಳು. ಐತಿ ಕುರ್ಚಿಯಲ್ಲಿ ಕುಸಿದು ಕೂತಳು.

“ಹ್ಯಾಂಡಲ್ಲೂ ಇಲ್ಲ, ಸುಡಗಾಡೂ ಇಲ್ಲ. ಲಿಫ್ಟಿನ ಬಟನ್ ಒತ್ತಿದಂಗ. ಲಿಫ್ಟ್ ಆಗಿದ್ರ ಮ್ಯಾಲರೆ ಹೋಗ್ತಿತ್ತು! ಇದಕ್ಕೇನೋ ರೇನೊ, ನೀ ಮನಿ ಕಳಕೊಂಡದ್ದು?”

 ಒಂಬತ್ತು ವರ್ಷ ಆ ಮನೆಯಲ್ಲಿ ಯಾರೂ ಆಡದ ಮಾತು ಅದು. ರೇನೊ ತಾಯಿಯ ಮುಖ ನೋಡಿದ. ಅವನ ಭುಜ ಅಲುಗತೊಡಗಿತು. ಅಳುತ್ತಿದ್ದಾನೆ ಅಂದುಕೊಂಡೆ. ಅಲ್ಲ, ನಗುತ್ತಿದ್ದ. “ಇದಕ್ಕ ಐತಿ, ಇದಕ್ಕನ,” ಎನ್ನುತ್ತ ಮೇಜಿನ ಬಟ್ಟೆಯಿಂದಲೇ ಕಣ್ಣೊರೆಸಿಕೊಂಡ. ನಕ್ಕು ನಕ್ಕು ಇರ್ಯಾಳ ಕೈಯ ಗ್ಲಾಸು ಚೆಲ್ಲಿತು. ವೆರ್ನಾ ಮಾತ್ರ ಎದ್ದು ಸಮುದ್ರದ ಕಡೆ ನಾಲ್ಕು ಹೆಜ್ಜೆ ನಡೆದು, ಬೆನ್ನು ತಿರುಗಿಸಿ ನಿಂತಳು. ಬಹಳ ಹೊತ್ತು ಈ ಕಡೆ ತಿರುಗಲಿಲ್ಲ.

ಸಂಜೆ ರೇನೊ ತಾಯಿಯನ್ನು ಎತ್ತಿಕೊಂಡು ಹೋಗಿ ಅವಳ ಕಾಲನ್ನು ನೀರಿಗೆ ತಾಗಿಸಿದ. ನೀಲಿ ಗೌನು ಮೊಣಕಾಲಿನ ತನಕ ನೆನೆಯಿತು. ಐತಿ ಬೈಯುತ್ತಲೇ ಇದ್ದಳು, ಇಳಿಸು ಎನ್ನಲಿಲ್ಲ.

ಭಾನುವಾರ ಮರಳುವ ಬಸ್ಸಿನಲ್ಲಿ ಇರ್ಯಾಳ ಕಿರಿಮಗಳು ರೇನೊನ ಪಕ್ಕಕ್ಕೆ ಹೋಗಿ ಕೂತು ಕೇಳಿಯೇಬಿಟ್ಟಳು: “ಮಾಮಾ, ಬರದುಕೊಟ್ಟೀನಿ ಅಂದ್ಯಲ್ಲ, ಏನ್ ಬರದಿದ್ದಿ?”

ಇರ್ಯಾ ಗದರಿಸಲು ಬಾಯಿ ತೆರೆದಳು. ರೇನೊ ಕೈಯೆತ್ತಿ ತಡೆದ. ಆಮೇಲೆ ಮೊದಲಿನಿಂದ ಹೇಳಿದ, ಒಂದನ್ನೂ ಬಿಡದೆ. ಮನೆ ಹೋದದ್ದು, ಹೆಂಡತಿಗೆ ಹೇಳಿದ ಸುಳ್ಳುಗಳು, ಒಳಗೆ ಬಿಡಬೇಡಿ ಎಂದು ಬರೆದು ಸಹಿ ಹಾಕಿದ್ದು. ಐತಿ ನಿದ್ದೆ ಬಂದವಳಂತೆ ಕಣ್ಣು ಮುಚ್ಚಿ ಕೇಳುತ್ತಿದ್ದಳು.

ನಾನು ಡ್ರೈವರ್ ಸೀಟಿನ ಹಿಂದೆ ಕೂತಿದ್ದೆ. ನಮ್ಮ ಮುಂದೆ ದನ ತುಂಬಿದ ಉದ್ದನೆಯ ಲಾರಿಯೊಂದು ನಿಧಾನವಾಗಿ ಹೋಗುತ್ತಿತ್ತು. ಎದುರಿನಿಂದ ಒಂದು ಗಾಡಿಯೂ ಇಲ್ಲ, ರಸ್ತೆ ದಿಗಂತದ ತನಕ ಖಾಲಿ. ವೆರ್ನಾ ಅದನ್ನು ದಾಟಲಿಲ್ಲ. ರೇನೊನ ಮಾತು ಮುಗಿಯುವ ತನಕ, ನಲವತ್ತು ಮೈಲಿ, ಆ ಲಾರಿಯ ಹಿಂದೆಯೇ ಬಸ್ಸು ಓಡಿಸಿದಳು.