ಮೊದಲು ಮುಳ್ಳು, ಆಮೇಲೆ ನೀರು

ನಮ್ಮ ಮನೆಯಲ್ಲಿ ಎರಡು ಕೊಡಗಳಿದ್ದವು: ಒಂದು ನಾವು ಕುಡಿಯುವುದಕ್ಕೆ, ಇನ್ನೊಂದು ಗಾಡಿ ಕುಡಿಯುವುದಕ್ಕೆ. ಇಚಲಕರಂಜಿಯ ನಮ್ಮ ಓಣಿಯ ನಳದ ಮುಂದೆ ಪಾಳಿ ನಿಂತಾಗ 'ಎರಡನೇದು ಯಾರಿಗೆ?' ಎಂದು ನೆರೆಯವರು ಕೇಳುವುದು, ನಾನು ಬೇವಿನ ಗಿಡದ ಕೆಳಗೆ ನಿಂತ ಹಳೆಯ ಪಿಕಪ್ಪಿನ ಕಡೆಗೆ ಗದ್ದ ಎತ್ತುವುದು, ಅವರು ನಗುವುದು, ಇದು ಬೆಳಗಿನ ಶಾಸ್ತ್ರವೇ ಆಗಿತ್ತು. ಮನುಷ್ಯರಿಗಿಂತ ಹೆಚ್ಚು ನೀರಡಿಸುವ ಯಂತ್ರವನ್ನು ನೀವೆಂದಾದರೂ ಸಾಕಿದ್ದರೆ ಆ ನಗು ನಿಮಗೂ ಪರಿಚಿತ.

ಅರವತ್ತರ ದಶಕ ಆಗಷ್ಟೇ ಕಣ್ಣು ಬಿಟ್ಟಿತ್ತು. ನಮ್ಮ ಯಜಮಾನರು ಮಗ್ಗದ ಕೆಲಸ ಬಿಟ್ಟು, ಮಿಲಿಟರಿಯವರು ಹರಾಜು ಹಾಕಿದ್ದ ಆ ಗಾಡಿಯನ್ನು ಕೊಂಡು, ಇಲ್ಲಿಯ ಬಟ್ಟೆಯ ಗಂಟುಗಳನ್ನು ಕೊಲ್ಹಾಪುರದಲ್ಲಿ ಇಳಿಸಿ, ಉಳಿದದ್ದನ್ನು ಬಿದ್ರಿ, ಉತ್ತೂರುಗಳ ಮೇಲೆ ಹಾಯ್ದು ಗಡಹಿಂಗ್ಲಜದ ಅಂಗಡಿಗಳಿಗೆ ಮುಟ್ಟಿಸುತ್ತಿದ್ದರು. ನಾನು ಮಗ್ಗದ ಶೆಡ್ಡಿನಲ್ಲಿ ಲಾಳಿಯೊಳಗೆ ಕೂಡಿಸುವ ನೂಲಿನ ಕಾಂಡಿ ಸುತ್ತುತ್ತಿದ್ದೆ. ಬಯಲಿನಲ್ಲಿ ಗಾಡಿ ಬಲು ಸಾಧು. ಉತ್ತೂರಿನ ಮುಂಚಿನ ಏರು ಬಂತೆಂದರೆ ಮಾತ್ರ ರೇಡಿಯೇಟರಿನ ನೀರು ಕುದಿದು, ಬುಸ್ಸೆಂದು ಹಬೆ ಎದ್ದು, ಅಲ್ಲೇ ಕೂತುಬಿಡುತ್ತಿತ್ತು. ಸಂಜೆಯಾದರೆ ದೀಪಗಳು ಅರಿಸಿನ ಬಳಿದಂತೆ ಮಂಕಾಗುತ್ತಿದ್ದವು. ಬೆಳಿಗ್ಗೆ ಬ್ಯಾಟರಿ ಸತ್ತು, ಯಜಮಾನರು ಮುಂದೆ ನಿಂತು ಹ್ಯಾಂಡಲ್ ತಿರುವಿ ಬೆವರುತ್ತಿದ್ದರು.

"ವಹಿನಿ, ಹ್ಯಾಲಾ ದೋನ್ ರೋಗ ಆಹೇತ್, ಎರಡು ರೋಗ. ಒಂದು ನೀರಿಂದು, ಒಂದು ಕರೆಂಟಿಂದು," ಎಂದರು ಗಾಡಿ ನೋಡಲು ಮನೆಗೆ ಬಂದಿದ್ದ, ಕೊಲ್ಹಾಪುರದಲ್ಲಿ ಗಾಡಿ ರಿಪೇರಿ ಮಾಡುವ ಗಣಪತರಾವ್ ಮಿಸ್ತ್ರಿ. ಎರಡಕ್ಕೂ ಔಷಧವಾಯಿತು. ರೇಡಿಯೇಟರನ್ನು ಸೋಡಾ ಹಾಕಿ ತೊಳೆದರು, ರಬ್ಬರಿನ ಪೈಪು ಬದಲಿಸಿದರು, ಹೊಸ ಬ್ಯಾಟರಿ ಬಂತು, ಡೈನಮೋ ಬಿಚ್ಚಿ ಕಟ್ಟಿದರು. ಗಾಡಿ ಉತ್ತೂರಿನ ಏರಿನಲ್ಲಿ ಮತ್ತೆ ಕುದಿಯಿತು.

ಕೆಟ್ಟ ಗಾಡಿಯ ಮುಂದೆ ನಿಂತವರು ಗಾಡಿಯ ಗುಣಕ್ಕಿಂತ ತಮ್ಮ ಗುಣವನ್ನೇ ಹೆಚ್ಚು ಹೇಳುತ್ತಾರೆಂಬುದನ್ನು ನಾನು ಆ ದಿನಗಳಲ್ಲಿ ಕಂಡುಕೊಂಡೆ. ಪದೇ ಪದೇ ತಲೆನೋವು ಬರುತ್ತಿದ್ದ ಪಕ್ಕದ ಮನೆಯಾಕೆ ಅದರ ನೆತ್ತಿಗೆ ಹಸಿ ಬಟ್ಟೆ ಹಾಕೆಂದಳು. ವಾರಕ್ಕೆರಡು ಉಪವಾಸದ ಹಿರಿಯರು ಹೇರು ಕಡಿಮೆ ಮಾಡೆಂದರು. ನಮ್ಮ ಅತ್ತಿ, ಯಜಮಾನರ ತಾಯಿ, ದೃಷ್ಟಿ ತಾಗದಿರಲೆಂದು ಲಿಂಬೆಹಣ್ಣು ಕಟ್ಟಿದರು. ಯಾರ ಮಾತೂ ಪೂರಾ ತಪ್ಪಲ್ಲ ಅನ್ನಿಸುತ್ತಿತ್ತು. ಆದರೆ ಗಾಡಿಯ ಮಾತನ್ನು ಕೇಳಿಸಿಕೊಂಡವರು ಯಾರೂ ಇರಲಿಲ್ಲ.

ಅಷ್ಟರಲ್ಲಿ ನಾದಿನಿ ಗಂಗವ್ವನನ್ನು ಚೊಚ್ಚಲ ಹೆರಿಗೆಗೆ ಕರೆತರುವ ಹೊತ್ತು ಬಂತು. ಅವಳನ್ನು ಕೊಟ್ಟದ್ದು ಉತ್ತೂರಿಗೇ. 'ನನ್ನ ತಂಗಿ ನನ್ನ ಗಾಡಿಯಲ್ಲೇ ಬರಬೇಕು' ಎಂದು ಯಜಮಾನರ ಹಟ. ಅತ್ತಿ ಒಲೆಯ ಮುಂದಿನಿಂದಲೇ ಗುಡುಗಿದರು: "ಬಸುರಿ ಹೆಂಗಸನ್ನ ಆ ಕುದಿಯೂ ಗಾಡಿಯಾಗ ಕುಂಡ್ರಸ್ತಿಯೇನೋ? ಅಡವ್ಯಾಗ ನಿಂತ್ರ ಏನ ಮಾಡ್ತಿ? ಬಸ್ಸಿನಾಗ ಕರ್ಕೊಂಡ ಬಾ."

ಇವರು ತಟ್ಟೆಯಿಂದ ಕೈ ತೆಗೆದರು. "ನನ್ನ ತಂಗಿನ್ನ ತರಾಕ ಆಗದ ಗಾಡಿ ನನಗ್ಯಾಕವ್ವಾ? ಮಾರಿ ಮತ್ತ ಮಗ್ಗಕ್ಕ ಹೋಗ್ತೇನಿ."

ಮಗ್ಗದ ಶೆಡ್ಡಿನಲ್ಲಿದ್ದಾಗ ಇವರು ಮನೆಗೆ ಬಂದು ಗೋಡೆ ನೋಡುತ್ತ ಕೂರುತ್ತಿದ್ದರು. ಗಾಡಿ ಬಂದಮೇಲೆ, ಕೆಟ್ಟು ನಿಂತ ದಿನವೂ, ದಾರಿಯ ಕಥೆ ಹೇಳದೆ ಉಂಡವರಲ್ಲ. ಆ ಮನುಷ್ಯ ಮತ್ತೆ ಗೋಡೆ ನೋಡುವುದು ನನಗೆ ಬೇಡವಾಗಿತ್ತು.

"ರೀ, ಈ ಸಲ ಗಂಟ ಒಯ್ಯೂ ಮುಂದ ನಾನೂ ಬರ್ತೇನಿ," ಎಂದೆ.

"ನೀ ಬಂದ ಏನ ಮಾಡ್ತಿ?"

"ಸುಮ್ನ ನೋಡ್ತೇನ್ರಿ."

ಹಾಗೆ ನೋಡುತ್ತ ಕೂತೆ. ಚಾಲಕನ ಎದುರಿನ ಹಲಗೆಯಲ್ಲಿ ಎರಡು ಗಡಿಯಾರಗಳಿದ್ದವು: ಒಂದರ ಮುಳ್ಳು ನೀರಿನ ಕಾವು ತೋರಿಸುತ್ತಿತ್ತು, ಇನ್ನೊಂದರದು ಬ್ಯಾಟರಿಗೆ ಕರೆಂಟು ತುಂಬುತ್ತಿದೆಯೋ ಸೋರುತ್ತಿದೆಯೋ ಎಂಬುದನ್ನು. ಏರು ಬಂದಾಗ ಇವರ ಕಣ್ಣು ನೀರಿನ ಮುಳ್ಳಿನ ಮೇಲೆ. ನನಗೆ ಇನ್ನೊಂದರ ಮೇಲೂ ಕುತೂಹಲ. ಗಾಡಿ ಏದುಸಿರು ಬಿಡತೊಡಗಿದ್ದೇ ತಡ, ಕರೆಂಟಿನ ಮುಳ್ಳು ಸೋರುವ ಕಡೆಗೆ ಬಿದ್ದಿತು. ನೀರಿನದು ಇನ್ನೂ ತಣ್ಣಗೆ ತನ್ನ ಜಾಗದಲ್ಲೇ ಇತ್ತು. ಅದು ಮೇಲೇರಿದ್ದು ಬಹಳ ಹೊತ್ತಿನ ಮೇಲೆ.

"ರೀ, ಮೊದಲ ಮುಳ್ಳ ಬೀಳತೈತಿ, ಆಮ್ಯಾಲ ನೀರ ಕುದಿತೈತಿ. ಕಾವಿನಿಂದ ಕರೆಂಟ ಕೆಟ್ಟಿದ್ರ ಮೊದಲ ಕಾವ ಏರಬೇಕಿತ್ತಲ್ಲ?"

ಇವರು ರಸ್ತೆಯ ಅಂಚಿಗೆ ಗಾಡಿ ಹಚ್ಚಿ ಬಾನೆಟ್ ಎತ್ತಿದರು. ಗಾಳಿಯ ಪಂಖಾ, ನೀರು ತಿರುಗಿಸುವ ಪಂಪು, ಕರೆಂಟು ಹುಟ್ಟಿಸುವ ಡೈನಮೋ, ಮೂರನ್ನೂ ಎಳೆಯುತ್ತಿದ್ದದ್ದು ಒಂದೇ ಪಟ್ಟಾ, ಒಂದೇ ಬೆಲ್ಟು! ಒತ್ತಿ ನೋಡಿದರೆ ಬಿಗಿಯಾಗಿಯೇ ಇತ್ತು. ಅದಕ್ಕೇ ಈವರೆಗೆ ಅದನ್ನು ಯಾರೂ ಅನುಮಾನಿಸಿರಲಿಲ್ಲ. ಇಂಜಿನ್ ತಣಿದ ಮೇಲೆ ಇವರು ಅದನ್ನು ಕಳಚಿದರು. ಅಂಚುಗಳು ಸವೆದು ತೆಳ್ಳಗಾದ ಪಟ್ಟಾ ತಾನು ಕೂರುವ ಪುಟ್ಟ ಗಾಲಿಯ ತೋಡಿನೊಳಗೆ ತಳಮಟ್ಟ ಇಳಿದಿತ್ತು. ಎರಡೂ ಬದಿಗೆ ಹಿಡಿದುಕೊಳ್ಳಬೇಕಾದದ್ದು ತಳಕ್ಕೆ ಉಜ್ಜಿ ಉಜ್ಜಿ, ಆ ತಳ ಹೊಸ ಸ್ಟೀಲಿನ ಪಾತ್ರೆಯಂತೆ ಹೊಳೆಯುತ್ತಿತ್ತು. ಏರಿನಲ್ಲಿ ಕೇಳುತ್ತಿದ್ದ ಕಿರ್ರೆಂಬ ದನಿಯನ್ನು ಗಾಡಿಯ ಮುಪ್ಪಿನ ದನಿಯೆಂದೇ ನಾವೆಲ್ಲ ತಿಳಿದಿದ್ದೆವು. ಅದು ಪಟ್ಟಾ ಜಾರುವ ಸದ್ದು.

ಖಾತ್ರಿ ಮಾಡಿಕೊಳ್ಳುವ ಉಪಾಯ ಮಗ್ಗದ ಶೆಡ್ಡಿನಿಂದಲೇ ಬಂತು. ಅಲ್ಲಿ ಪಟ್ಟಾ ಜಾರಿದರೆ ಹಿಡಿತ ಬರಲೆಂದು ರಾಳದ ಪುಡಿ ಹಾಕುತ್ತಿದ್ದರು. ಮುಂದಿನ ಸಲ ಸೆರಗಿನಲ್ಲಿ ಒಂದು ಚಿಟಿಕೆ ಕಟ್ಟಿಕೊಂಡು ಹೋದೆ. ಏರಿನ ಬುಡದಲ್ಲಿ ಪಟ್ಟಾಕ್ಕೆ ಸವರಿ ಹೊರಟೆವು. ಕರೆಂಟಿನ ಹೊರೆ ಹೆಚ್ಚಲೆಂದು ಹಾಡುಹಗಲಲ್ಲಿ ದೀಪ ಹಚ್ಚಿದರೂ ಮುಳ್ಳು ಬೀಳಲಿಲ್ಲ. ಅರ್ಧ ಏರಿನಲ್ಲಿ ರಾಳ ತೀರಿರಬೇಕು, ಕಿರ್ರೆಂದಿತು, ಮುಳ್ಳು ಬಿತ್ತು. ಗಾಡಿ ಕೆಟ್ಟಿತೆಂದು ನಾವಿಬ್ಬರೂ ಚಪ್ಪಾಳೆ ತಟ್ಟಿ ನಕ್ಕದ್ದು ಅದೊಂದೇ ಸಲ.

ಗಣಪತರಾವ್ ಮಿಸ್ತ್ರಿ ಸುದ್ದಿ ಕೇಳಿ ತಮ್ಮ ತಲೆಗೆ ತಾವೇ ತಟ್ಟಿಕೊಂಡರು. "ಅರೆ, ಏಕಚ್ ರೋಗ! ಒಂದs ರೋಗ!" ಎಂದು ಅಂಗಡಿ ಅಂಗಡಿ ತಿರುಗಿ ಅಳತೆಗೆ ಸರಿಯಾದ ಪಟ್ಟಾ ಹುಡುಕಿ ತಾವೇ ಕೂಡಿಸಿಕೊಟ್ಟರು.

ಅತ್ತಿ ಮಾತ್ರ ಪಟ್ಟಾದ ಪುರಾಣಕ್ಕೆ ಮಣಿಯಲಿಲ್ಲ. "ಮೊದಲ ನನ್ನ ಕುಂಡ್ರಿಸಿ ಜ್ಯೋತಿಬಾನ ಗುಡ್ಡಾ ಹತ್ತಿಸು. ಆಮ್ಯಾಲ ನನ್ನ ಮಗಳು." ಕೊಲ್ಹಾಪುರದ ಆಚೆಯ ಆ ದೇವರ ಗುಡ್ಡ ಹತ್ತುವಷ್ಟು ಹೊತ್ತೂ ಅವರು ಕಣ್ಣು ಮುಚ್ಚಿ ಕೈ ಮುಗಿದಿದ್ದರು, ಪಕ್ಕದಲ್ಲಿ ಇವರ ಹಣೆಯಲ್ಲಿ ಬೆವರು. ತಾಯಿಯ ಸಿಟ್ಟಿನಲ್ಲೂ ಮಗನ ಹಟದಲ್ಲೂ ಇದ್ದದ್ದು ಗಂಗವ್ವನ ಚಿಂತೆಯೊಂದೇ ಎಂದು ನನಗೆ ಹೊಳೆದದ್ದು ಆಗ. ಮೇಲೆ ಮುಟ್ಟಿದಾಗ ಅತ್ತಿ ಕಣ್ಣು ತೆರೆದು, ಹಬೆ ಕಾಣದ ಬಾನೆಟ್ಟನ್ನು ದಿಟ್ಟಿಸಿ, "ಹೋಗಿ ಕರ್ಕೊಂಡ ಬರ್ರಿ," ಎಂದರು.

ಗಂಗವ್ವನನ್ನು ನಡುವೆ ಕೂರಿಸಿಕೊಂಡು ಉತ್ತೂರಿನಿಂದ ಹೊರಟೆವು. ಈ ಬದಿಯಿಂದ ಹತ್ತಿ ಏರಿನ ನೆತ್ತಿಯ ಹತ್ತಿರ ಬಂದಾಗ ಅವಳು ಅಣ್ಣನ ತೋಳು ಹಿಡಿದಳು. "ಅಣ್ಣಾ, ನಿನ್ನ ಗಾಡಿ ದಿನಾ ನಿಂದರತಿದ್ದ ಜಾಗಾ ಇದs ಹೌದಲ್ಲೋ? ಇಲ್ಲೆ ನಿಲ್ತೈತಿ ಅಂತ ನಾ ರೊಟ್ಟಿ ಕಟ್ಟಿಸಿಕೊಂಡ ಬಂದೇನಿ."

ಇವರು ನನ್ನ ಮುಖ ನೋಡಿ, ನಕ್ಕು, ಗಾಡಿ ನಿಲ್ಲಿಸಿದರು. ಕೆಳಗೆ ಬಿಸಿಲಿನಲ್ಲಿ ಕಬ್ಬಿನ ಗದ್ದೆಗಳು ಚಾಚಿದ್ದವು. ದೂರದಲ್ಲಿ ಕುರಿಹಿಂಡೊಂದು ಇಳಿಯುತ್ತಿತ್ತು. ಎಷ್ಟೋ ಸಲ ಅಲ್ಲಿ ನಿಂತಿದ್ದ ಇವರು ಅವನ್ನೆಲ್ಲ ಈಗಷ್ಟೇ ಕಂಡವರಂತೆ ನೋಡುತ್ತ ರೊಟ್ಟಿ ಮುರಿದರು.

ಉಂಡ ಕೈ ತೊಳೆದು ಗಂಗವ್ವ ಬಾನೆಟ್ ತೆಗೆಸಿದಳು. ಹೊಟ್ಟೆಗೆ ಒಂದು ಕೈ ಆನಿಸಿ ಬಾಗಿ, ನಾನು ತೋರಿಸಿದ ಪಟ್ಟಾ ನೋಡಿ ತಲೆಯಾಡಿಸಿದಳು. ಆಮೇಲೆ ಅದರ ಹಿಂದೆ ಸುತ್ತಿ ಮರೆಯಾಗುತ್ತಿದ್ದ ಕೆಂಪು ವಾಯರಿನತ್ತ ಬೆರಳು ಮಾಡಿದಳು. "ಇದ ಎಲ್ಲಿಗೆ ಹೋಗತೈತಿ?"

ಇವರು ತಲೆ ಕೆರೆದುಕೊಂಡರು. "ಅದು ನನಗೂ ಗೊತ್ತಿಲ್ಲವ್ವಾ. ತಡಿ, ನೋಡೂಣು."

ಮೂವರೂ ಬಾಗಿದೆವು.